ಮುರಿದರೆ ಹಳೆಯದು, ಬಗ್ಗಿದರೆ ಹೊಸದು

ಅಕ್ಕನನ್ನು ನಾನು ಮೊದಲು ಹಲ್ಲಿನ ಡಾಕ್ಟರೆಂದು ತಿಳಿದಿದ್ದೆ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ. ಉಳಿದರ್ಧ ಅವರ ಗಿರಾಕಿಗಳದು. ನಮ್ಮ ಬೀದಿಯ ತುದಿಯ ಕಟ್ಟಡದಲ್ಲಿ ಕೆಳಗೆ ಬೀಗದ ಕೈ ಮಾಡುವವನ ಅಂಗಡಿ, ಪಕ್ಕದಲ್ಲಿ ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಮೇಲೆ ಫಲಕವಿಲ್ಲದ ಒಂದು ಬಾಗಿಲು. ನೀಟಾಗಿ ಬಟ್ಟೆ ತೊಟ್ಟ ಗಂಡಸರು ಎದೆಗೆ ಡಬ್ಬ ಅವುಚಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರಲ್ಲಿ ಒಬ್ಬಿಬ್ಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಇಳಿದು ಬರುತ್ತಿದ್ದರು. ಕರವಸ್ತ್ರದಲ್ಲಿ ಕೆಂಪು. ನನ್ನ ಬರೆಯುವ ಮೇಜು ಕಿಟಕಿಯ ಬಳಿ ಇರುವುದರಿಂದ ಇದೆಲ್ಲ ನನಗೆ ಕಾಣುತ್ತಿತ್ತು. ಬರೆಯುವವನಿಗೆ ಕಿಟಕಿಯೊಂದು ಸಿಕ್ಕಿದರೆ ಬರೆಯುವ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಹಾಗಾಗಿ ನನ್ನ ಹಿಂದಿನ ದವಡೆ ಹಲ್ಲು ಕುಟುಕತೊಡಗಿದ ದಿನ ನಾನೂ ಹತ್ತಿದೆ. ಒಳಗೆ ಬಿಳಿ ಬೆಳಕಿನ ಎತ್ತರದ ಮೇಜು, ಹಣೆಗೆ ದೀಪ ಕಟ್ಟಿಕೊಂಡು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ಗಟ್ಟಿಮುಟ್ಟಾದ ಹೆಂಗಸು, ತಟ್ಟೆಯಲ್ಲಿ ಸಾಲಾಗಿ ಇಕ್ಕಳ, ಸೂಜಿ, ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳು. ಸ್ಕ್ರೂಡ್ರೈವರುಗಳನ್ನು ಕಂಡಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ನೋವಿದ್ದವನಿಗೆ ಅನುಮಾನ ಬರುವುದಿಲ್ಲ.

"ಹೇಳಿ. ಎಷ್ಟು ವರ್ಷದ್ದು?" ಎಂದರು.

"ನಲವತ್ತೇಳು," ಎಂದೆ.

"ನಲವತ್ತೇಳಾ! ಎಲ್ಲಾ ಒರಿಜಿನಲ್ಲೇನಾ?"

"ಒಂದು ಮಾತ್ರ ಬದಲಾಯ್ಸಿದ್ದು. ಮೇಲಿಂದು."

"ಪರ್ವಾಗಿಲ್ಲ, ನಿಜ ಹೇಳಿದ್ರಲ್ಲ. ತೆಗೀರಿ, ನೋಡೋಣ."

ನಾನು ಬಾಯಿ ತೆರೆದೆ. ಅವರು ಮಸೂರವನ್ನು ಹಣೆಗೇರಿಸಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಕೋಣೆಯತ್ತ ತಿರುಗಿ, "ರೀ, ಬನ್ನಿ ಇಲ್ಲಿ, ಒಬ್ರು ಹಲ್ಲು ಮಾರಕ್ಕೆ ಬಂದಿದ್ದಾರೆ!" ಎಂದು ಕೂಗಿದರು.

ಅಂದಿನಿಂದ ಅವರು ನನಗೆ ಅಕ್ಕ. ಒಳಗಿನಿಂದ ತಣ್ಣೀರಿನ ಬಟ್ಟಲು, ಹತ್ತಿ ಹಿಡಿದುಕೊಂಡು ಓಡಿಬಂದ ಸಣಕಲು ಮನುಷ್ಯ, ಅವರ ಗಂಡ, ನನಗೆ ಭಾವ. ಅವರು ಬಟ್ಟಲು ಸಮೇತ ಬಂದದ್ದೇಕೆ ಎಂದು ನಾನು ಕೇಳಿದೆ. "ಅಭ್ಯಾಸ," ಎಂದರು ಭಾವ.

ಅಕ್ಕನ ಕೆಲಸ ಕಾರುಗಳಿಗೆ ವಯಸ್ಸು ಹೇಳುವುದು. ನಾವು ಹತ್ತಿ ಕೂರುವ ಕಾರಲ್ಲ. ಮೊಣಕೈ ಉದ್ದದ, ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವ ರೇಡಿಯೊ ಕಂಟ್ರೋಲ್ ಕಾರು. ನಲವತ್ತು ವರ್ಷದ ಹಿಂದೆ ಇವನ್ನು ಮಾಡಿದ ಕಂಪನಿಗಳು ಆಗಿನ ಅಚ್ಚುಗಳನ್ನು ಗೋದಾಮಿನಲ್ಲಿ ಎತ್ತಿಟ್ಟಿದ್ದವು. ಆಗಿನ ಹುಡುಗರು ಈಗ ಬೊಜ್ಜು, ಸಂಬಳ ಎರಡನ್ನೂ ಬೆಳೆಸಿಕೊಂಡಿರುವುದನ್ನು ಕಂಡು ಅದೇ ಅಚ್ಚುಗಳನ್ನು ಹೊರತೆಗೆದು, ಒರೆಸಿ, ಅದೇ ಕಾರನ್ನು ಮತ್ತೆ ಮಾಡಿ ಮಾರಿದವು. ಅದು ಮರುಅಚ್ಚು. ನೋಡಲು ಎರಡೂ ಒಂದೇ. ಹಳೆಯದಕ್ಕೆ ಬರುವ ಬೆಲೆಯಲ್ಲಿ ಮರುಅಚ್ಚನ್ನು ಹತ್ತು ಕೊಳ್ಳಬಹುದು. ಯಾವುದು ಯಾವುದೆಂದು ಅಕ್ಕ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರೆ ಕೊಳ್ಳುವವರು ಮರುಮಾತಾಡುತ್ತಿರಲಿಲ್ಲ.

ಎಲ್ಲರೂ ಮೊದಲು ಕಾರನ್ನು ಬೋರಲು ಹಾಕಿ ತಳದಲ್ಲಿರುವ ವರ್ಷ ತೋರಿಸುತ್ತಿದ್ದರು. ಅಕ್ಕ ಆ ಕಡೆ ಕಣ್ಣನ್ನೂ ಹಾಯಿಸುತ್ತಿರಲಿಲ್ಲ. "ಅದು ಅಚ್ಚು ಹುಟ್ಟಿದ ವರ್ಷ ಕಣ್ರೀ, ಮಗು ಹುಟ್ಟಿದ್ದಲ್ಲ. ಅದೇ ಅಚ್ಚಲ್ಲಿ ನಾಳೆ ಒಂದು ತೆಗೆದ್ರೂ ಅದೇ ವರ್ಷ ಇರುತ್ತೆ." ಅವರು ನೋಡುತ್ತಿದ್ದುದು ಬೇರೆ. ಗೇರು ಪೆಟ್ಟಿಗೆ ಬಿಚ್ಚಿ ಒಳಗೋಡೆ ನೋಡುವರು. ಹಳೆಯದರಲ್ಲಿ ಮುರಿಯುತ್ತಿದ್ದ ಜಾಗಕ್ಕೆ ಮರುಅಚ್ಚಿನಲ್ಲಿ ದಪ್ಪ ಕೊಟ್ಟಿರುತ್ತಾರೆ. ಅಂಚಿನ ಮೇಲೆ ಉಗುರು ಎಳೆಯುವರು. ಸವೆದ ಅಚ್ಚು ಅಂಚಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಗರಿ ಬಿಡುತ್ತದೆ. ಕೊನೆಗೆ ಮೂಸುವರು. ಹಳೆಯ ಪ್ಲಾಸ್ಟಿಕ್ಕಿಗೆ ಒಂದು ವಾಸನೆ, ಹೊಸದಕ್ಕೆ ಒಂದು. ಅಕ್ಕ ತಮ್ಮ ಕಣ್ಣನ್ನು ನಂಬುತ್ತಿದ್ದರು, ಮೂಗನ್ನು ಆರಾಧಿಸುತ್ತಿದ್ದರು.

ಈ ವಿದ್ಯೆ ಬಂದದ್ದು ಪ್ಲಾಸ್ಟಿಕ್ ಕಾರ್ಖಾನೆಯಿಂದ. ಇಪ್ಪತ್ತೆರಡು ವರ್ಷ ಅಲ್ಲಿ ಅಚ್ಚಿನ ಯಂತ್ರದ ಮುಂದೆ ನಿಂತಿದ್ದರು. ಕೆಲಸ ಬೇಗ ಸಾಗಲೆಂದು ಮೇಲ್ವಿಚಾರಕ, ಕಾಪುಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸ್ವಿಚ್ಚನ್ನು ತಂತಿಯಿಂದ ಬಿಗಿದಿಟ್ಟಿದ್ದ. ಒಂದು ದಿನ ಬಾಗಿಲು ತೆರೆದಿದ್ದರೂ ಅಚ್ಚು ಮುಚ್ಚಿಕೊಂಡಿತು. ಆಗ ಅಚ್ಚಾಗುತ್ತಿದ್ದ ಬಕೆಟ್ಟಿನ ಹಿಡಿಯ ಜೊತೆ ಅಕ್ಕನ ಬಲಗೈಯ ಎರಡು ಬೆರಳೂ ಒಳಗೆ ಹೋದವು. ಅಚ್ಚು ತೆರೆದಾಗ ಹಿಡಿ ಮಾತ್ರ ಸರಿಯಾಗಿ ಬಂದಿತ್ತು. ಅಕ್ಕ ಕೂಗಲಿಲ್ಲವಂತೆ. ಕೈಗೆ ಸೆರಗು ಸುತ್ತಿಕೊಂಡು, ಉದ್ದಕ್ಕೂ ರಕ್ತ ಸುರಿಸುತ್ತ ಮೇಲ್ವಿಚಾರಕನ ಕೋಣೆಗೆ ನಡೆದುಹೋಗಿ, ಉಳಿದ ಎಡಗೈಯಿಂದ ಒಂದು ಬಿಟ್ಟರಂತೆ. ಅವನ ದವಡೆ ಎರಡು ಕಡೆ ಮುರಿಯಿತು.

"ಎರಡಕ್ಕೆ ಎರಡು," ಎನ್ನುತ್ತಿದ್ದರು ಅಕ್ಕ, ಈರುಳ್ಳಿ ಲೆಕ್ಕ ಹೇಳುವ ಹಾಗೆ. ಆ ಹೊಡೆತದಿಂದ ಕೆಲಸ ಹೋಯಿತು, ಎಡಗೈಗೆ ಹೆಸರು ಬಂತು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ ಭಾವ ರಿಪೇರಿಗೆ ತಂದಿಟ್ಟಿದ್ದ ಕಾರೊಂದನ್ನು ಕೈಗೆತ್ತಿಕೊಂಡು, "ಈ ಅಚ್ಚು ರಿಪೇರಿ ಆಗಿದೆ ಕಣ್ರೀ," ಎಂದರಂತೆ. ಮೋಟಾರಿಗೆ ತಂತಿ ಸುತ್ತುವುದು ಬಿಟ್ಟರೆ ಬೇರೇನೂ ಅರಿಯದ ಭಾವ ಆ ಮಾತನ್ನು ನಾಲ್ಕು ಜನರಿಗೆ ಹೇಳಿದರು. ಅಂಗಡಿ ಶುರುವಾಯಿತು.

ಅಂಗಡಿಗೊಂದು ನಿಯಮವಿತ್ತು. ಡಬ್ಬ ತೆರೆಯುವ ಮೊದಲು ತಂದವರು ಹೇಳಬೇಕು: ಹಳೆಯದೋ, ಮರುಅಚ್ಚೋ? ಗೊತ್ತಿಲ್ಲ ಎಂದರೆ ತೊಂದರೆಯಿಲ್ಲ. ಮರುಅಚ್ಚು ಎಂದರೆ ಕೂರಿಸಿ ಮಾತಾಡಿಸುವರು. ಮರುಅಚ್ಚಿನ ಮೇಲೆ ಅಕ್ಕನಿಗೆ ಸಿಟ್ಟೇನೂ ಇರಲಿಲ್ಲ, ಓಡಿಸುವುದಕ್ಕೆ ಅದೇ ಗಟ್ಟಿ ಎನ್ನುತ್ತಿದ್ದರು. "ಮಗಳು ಅವಳು. ಮಗಳನ್ನ ಮಗಳು ಅಂತ ಕರ್ಕೊಂಡು ಬನ್ನಿ. ತಲೆಗೆ ಹಿಟ್ಟು ಬಳಿದು ಅಜ್ಜಿ ಅಂತ ಕರ್ಕೊಂಡು ಬಂದ್ರೆ ಮಾತ್ರ ಸುಮ್ನಿರಲ್ಲ."

ಹಿಟ್ಟು ಬಳಿಯುವುದೆಂದರೆ ಮರುಅಚ್ಚಿನ ಕಾರನ್ನು ಚಹಾದ ಕಷಾಯದಲ್ಲಿ ನೆನೆಹಾಕಿ ಕಂದಿಸುವುದು, ಬಿಸಿಲಲ್ಲಿ ಒಣಗಿಸುವುದು, ಮರಳುಕಾಗದದಿಂದ ಗೀರುವುದು. ಹೀಗೆ ಮಾಡಿದವನು ಗೊತ್ತಿಲ್ಲದೆ ಸುಳ್ಳು ಹೇಳಿದನೆಂದು ಯಾರೂ ಹೇಳಲಾರರು. ಅವನು "ಹಳೇದು" ಅಂದಮೇಲೆ ಅಕ್ಕ ಡಬ್ಬ ತೆರೆದು ಮೂಸುವರು, ಮಸೂರ ಬಿಚ್ಚಿಡುವರು, ಎಡಗೈ ಎತ್ತುವರು. ಒಂದೇ ಏಟು, ಅಂಗೈ ಅಗಲ ಮಾಡಿ. ತುಟಿ ಒಡೆಯುವುದು ಸಾಮಾನ್ಯ. ಒಮ್ಮೆ ಕೋಟು ತೊಟ್ಟ ದೊಡ್ಡ ಸಂಗ್ರಾಹಕರೊಬ್ಬರು ತಾನು ಯಾರು ಗೊತ್ತೇ ಎಂದು ಕೇಳಿದ್ದಕ್ಕೆ, "ಎರಡನೇ ಸಲ ಅಚ್ಚಾದವನು," ಎಂದು ಇನ್ನೊಂದು ಕೊಟ್ಟರು. ಆ ಮನುಷ್ಯ ಅರ್ಧ ಮೆಟ್ಟಿಲು ಬೆನ್ನ ಮೇಲೆ ಇಳಿದರು, ಉಳಿದರ್ಧ ಕಾಲ ಮೇಲೆ. ಭಾವ ಬಟ್ಟಲು ಹಿಡಿದು ಹಿಂದೆಯೇ ಇಳಿದು, "ಎಡಗಡೆನಾ, ಬಲಗಡೆನಾ?" ಎಂದು ವಿಚಾರಿಸಿದರು.

ಅಕ್ಕನಿಂದ ಏಟು ತಿಂದವರು ಯಾರೂ ದೂರು ಕೊಡುತ್ತಿರಲಿಲ್ಲ. ಕೊಟ್ಟರೆ ಏಕೆ ಹೊಡೆದರೆಂದೂ ಹೇಳಬೇಕಾಗುತ್ತಿತ್ತು. ನನಗೂ ಇದೆಲ್ಲ ಭಾರಿ ನ್ಯಾಯವೆಂದೇ ಕಾಣುತ್ತಿತ್ತು. ವಾರಕ್ಕೆರಡು ಸಲ ಹೋಗಿ ಮೂಲೆಯ ಸ್ಟೂಲಿನಲ್ಲಿ ಕೂತು, ಬೇರೆಯವರಿಗೆ ಬೀಳುವ ಏಟನ್ನು ಮೆಚ್ಚಿಕೊಂಡು ಬರುತ್ತಿದ್ದೆ.

ಆ ವಾರ ಮೂರು ಚಹಾದ ಕಾರುಗಳು ಬಂದಿದ್ದವು, ಮೂರು ತುಟಿಗಳು ಒಡೆದಿದ್ದವು. ಅಕ್ಕ ಕುದಿಯುತ್ತಿದ್ದರು. ಶನಿವಾರ ಬೆಳಿಗ್ಗೆ ಊರುಗೋಲು ಕುಟ್ಟುತ್ತ ಒಬ್ಬ ಕುಂಟ ಮೇಲೆ ಬಂದ. ಚಹಾಪುಡಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಎಂದು ಆಮೇಲೆ ತಿಳಿಯಿತು. ಅವನ ಹಿಂದೆ ಬಾಗಿಲು ತುಂಬುವಂಥ ಇನ್ನೊಬ್ಬ. ಅವನ ಅಣ್ಣ, ಮೂಟೆ ಹೊರುವವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

"ನಮ್ಮಮ್ಮ ಕಳ್ಸಿದಾಳೆ," ಎಂದ ಅಣ್ಣ. "ಇದು ಇವತ್ತು ಇತ್ಯರ್ಥ ಆಗ್ಬೇಕಂತೆ."

ವಿಷಯ ಇಷ್ಟು. ಸೋದರಮಾವ ಕೊಟ್ಟ ಒಂದೇ ಕಾರನ್ನು ಇಬ್ಬರೂ ಹಂಚಿಕೊಂಡು ಬೆಳೆದಿದ್ದರು. ಹನ್ನೊಂದು ವರ್ಷದ ಹಿಂದೆ ಅದೇ ಕಾರಿನ ಮರುಅಚ್ಚು ಅಂಗಡಿಗೆ ಬಂತು. ಅದೇ ವಾರ ಮನೆಯ ಕಾರನ್ನು ತಮ್ಮ ತೊಳೆದು, ಬಿರುಕು ಬಿಟ್ಟ ಟೈರು ತೆಗೆದು ಹೊಸದು ಹಾಕಿ, ಹರಿದ ಸ್ಟಿಕ್ಕರುಗಳನ್ನು ಕಿತ್ತ. ಅಣ್ಣ ಬಂದು ನೋಡಿದರೆ ಕಾರು ಫಳಫಳ. "ಹಳೇದನ್ನ ಮಾರ್ಕೊಂಡು ಇದನ್ನ ತಂದಿಟ್ಟಿದೀಯ," ಎಂದ. ತಮ್ಮ ಇಲ್ಲವೆಂದ. ಮಾತು ಬೆಳೆದು ಅಣ್ಣ ಅವನ ಕುತ್ತಿಗೆ ಪಟ್ಟಿ ಹಿಡಿದು ಮೆಟ್ಟಿಲ ತುದಿಯಿಂದ ತಳ್ಳಿದ. ಹದಿನಾಲ್ಕು ಮೆಟ್ಟಿಲು. ತೊಡೆಯ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂತು. ಮತ್ತೆ ಸರಿಯಾಗಿ ಕೂಡಲೇ ಇಲ್ಲ. ಅಂದಿನಿಂದ ಅಣ್ಣನ ಬಾಯಲ್ಲಿ ತಮ್ಮ ಕಳ್ಳ. ಸುಳ್ಳು ಹೇಳಿದ ಕಳ್ಳನನ್ನು ತಳ್ಳಿದೆನೆಂಬ ಒಂದೇ ಧೈರ್ಯದ ಮೇಲೆ ಅಣ್ಣ ಹನ್ನೊಂದು ವರ್ಷ ನಿದ್ದೆ ಮಾಡಿದ್ದ.

ಇದನ್ನು ಅವರು ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅಕ್ಕ ಕೇಳಲಿಲ್ಲ. ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಹಳೇದೋ, ಮರುಅಚ್ಚೋ?"

"ಹಳೇದು," ಎಂದ ತಮ್ಮ. "ಅದೇ ಕಾರು."

ಅಕ್ಕ ಡಬ್ಬ ತೆರೆದರು. ಕಂದುಬಣ್ಣಕ್ಕೆ ತಿರುಗಿದ ಕಾರು. ಸ್ಟಿಕ್ಕರಿಲ್ಲ, ಟೈರು ಹೊಸದು, ಒಳಗಿನ ತಂತಿ ಮೋಟಾರು ಯಾವುದೂ ಇಲ್ಲ. ನನ್ನ ಸ್ಟೂಲಿನವರೆಗೂ ಚಹಾಪುಡಿಯ ಘಾಟು ಹೊಡೆಯಿತು. ಅಕ್ಕ ಮೂಗು ತಗ್ಗಿಸಿದರು, ಎತ್ತಿದರು. ಅವರ ಮುಖ ಬಿಗಿಯಿತು.

ಭಾವ ಒಳಕೋಣೆಯ ಬಾಗಿಲಿಂದ ಮೆಲ್ಲಗೆ, "ಗೇರು ಪೆಟ್ಟಿಗೆ ಬಿಚ್ಚಿ ನೋಡ್ಬಿಡೇ ಒಂದ್ಸಲ," ಎಂದರು.

"ನಂಗೆ ಹೇಳ್ಕೊಡಕ್ಕೆ ಬರ್ಬೇಡಿ."

ಎಡಗೈ ಎದ್ದಿತು. ಆ ದಿನ ಅದು ಅಂಗೈಯಾಗಿತ್ತೋ ಮುಷ್ಟಿಯಾಗಿತ್ತೋ ನನಗೆ ಕಾಣಲಿಲ್ಲ. ಕುಂಟ ಊರುಗೋಲು ಬಿಟ್ಟು ಬಿದ್ದ. ಬೀಳುವಾಗ ಮೇಜಿನ ಮೂಲೆಗೆ ಬಾಯಿ ತಾಕಿತು. ಮುಂದಿನ ಹಲ್ಲೊಂದು ನೆಲದ ಮೇಲೆ ಉರುಳಿ ನನ್ನ ಚಪ್ಪಲಿಯ ಬಳಿ ನಿಂತಿತು.

"ನೋಡ್ದೇನೋ?" ಎಂದ ಅಣ್ಣ. ಅವನ ಮುಖ ಅರಳಿತ್ತು. "ನಾನು ಹೇಳಿರ್ಲಿಲ್ವಾ? ಹನ್ನೊಂದು ವರ್ಷ ಬಾಯಿ ಬಡ್ಕೊಂಡೆ, ಕಳ್ಳ ಕಣೋ ನೀನು!"

"ಎಲ್ಲಿ ಇಟ್ಟಿದ್ಯೋ ಇದನ್ನ?" ಎಂದು ಅಕ್ಕ ಗದರಿದರು. "ಯಾವ ಪಾತ್ರೆಲಿ ಕುದಿಸ್ದೆ?"

"ಲಾಕರಲ್ಲಿ," ಎಂದ ಕುಂಟ, ರಕ್ತ ಉಗಿದು. "ಕಾರ್ಖಾನೆ ಲಾಕರಲ್ಲಿ. ಮನೇಲಿಟ್ರೆ ಇವ್ನು ಒಡೆದು ಹಾಕ್ತಾನೆ ಅಂತ. ಚಹಾಪುಡಿ ಗೋದಾಮು ಅಕ್ಕ ಅದು."

ಈ ಮಾತನ್ನು ಕೇಳಿಸಿಕೊಳ್ಳಬಹುದಿತ್ತು. ಅಕ್ಕ ಆಗಲೇ ಕಾರಿನ ಮುಂದಿನ ಎಡತೋಳನ್ನು, ಚಕ್ರವನ್ನು ಹಿಡಿದಿರುವ ಬೆರಳುದ್ದದ ಪ್ಲಾಸ್ಟಿಕ್ ತುಂಡನ್ನು, ಬಿಚ್ಚಿ ಕೈಗೆತ್ತಿಕೊಂಡಿದ್ದರು. "ಹೊಸ ಪ್ಲಾಸ್ಟಿಕ್ಕು ಬಗ್ಗುತ್ತೆ, ಹಳೇದು ಮುರಿಯುತ್ತೆ. ನೋಡಿ, ಇಬ್ರೂ ನೋಡಿ, ಹೆಂಗೆ ಬಗ್ಗುತ್ತೆ," ಎಂದು ಎಡ ಹೆಬ್ಬೆರಳಿನಿಂದ ಒತ್ತಿದರು.

ಚಟ್ ಎಂದಿತು.

ಒಂದು ಚೂರು ಹಾರಿ ಅಕ್ಕನ ಕೆನ್ನೆಯನ್ನು ಕೊಯ್ದಿತು. ಅವರು ಒರೆಸಿಕೊಳ್ಳಲೂ ಇಲ್ಲ. ಮಸೂರ ಎಳೆದುಕೊಂಡು ಮುರಿದ ಮೈ ನೋಡಿದರು. ಒಣ ರೊಟ್ಟಿಯಂತೆ ಪುಡಿಪುಡಿಯಾಗಿ ಮುರಿದಿತ್ತು. ಗೇರು ಪೆಟ್ಟಿಗೆ ಬಿಚ್ಚಿದರು. ಒಳಗೋಡೆ ತೆಳ್ಳಗಿತ್ತು. ಯಾರೂ ದಪ್ಪ ಕೊಟ್ಟಿರಲಿಲ್ಲ.

"ಹಳೇದು," ಎಂದರು.

"ಏನಂದ್ರಿ?" ಎಂದ ಅಣ್ಣ.

"ಹಳೇದು ಕಣಪ್ಪ. ಮೊದಲನೇ ಅಚ್ಚು. ನಿನ್ನ ತಮ್ಮ ನಿಜ ಹೇಳ್ದ."

ಅಣ್ಣನ ಮುಖ ಅರಳಿದ್ದು ಹಾಗೇ ಉಳಿದು, ಮೆಲ್ಲಗೆ ಬಣ್ಣ ಮಾತ್ರ ಇಳಿಯಿತು. ಅವನು ನೆಲದ ಮೇಲಿದ್ದ ತಮ್ಮನ ಸೊಟ್ಟ ಕಾಲನ್ನು ನೋಡಿದ, ರಕ್ತದ ಬಾಯನ್ನು ನೋಡಿದ. ಇಂಥ ಹೊತ್ತಿನಲ್ಲಿ ಮನುಷ್ಯ ಅಳುತ್ತಾನೆಂದು ನಾನು ನಾಲ್ಕಾರು ಕಡೆ ಬರೆದಿದ್ದೇನೆ. ಇವನು ಅಳಲಿಲ್ಲ. "ನನ್ನ ತಮ್ಮನ ಮೇಲೆ ಕೈ ಮಾಡ್ತೀಯಾ?" ಎಂದು ಅಬ್ಬರಿಸಿ, ಮೂಟೆ ಹೊತ್ತು ಗಟ್ಟಿಯಾದ ಮುಷ್ಟಿಯನ್ನು ಅಕ್ಕನ ಮುಖದ ಮಧ್ಯಕ್ಕೆ ಬಿಟ್ಟ. ಕಾರಿನ ತೋಳು ಮುರಿದದ್ದಕ್ಕಿಂತ ದೊಡ್ಡ ಸದ್ದು ಬಂತು. ಅಕ್ಕ ಕಪಾಟಿಗೆ ಬಡಿದು, ಡಬ್ಬಗಳನ್ನೆಲ್ಲ ತಲೆಯ ಮೇಲೆ ಕೆಡವಿಕೊಂಡು ಕುಸಿದರು.

ಅಷ್ಟರಲ್ಲಿ ತಮ್ಮ ಮೊಣಕಾಲೂರಿ ಎದ್ದಿದ್ದ. ಊರುಗೋಲು ಅವನ ಕೈಗೆ ಸಿಕ್ಕಿತ್ತು. "ತಮ್ಮನಾ? ಈಗ ತಮ್ಮನಾ ನಾನು?" ಎಂದು ಅಣ್ಣನ ಮಂಡಿಗೆ ಬೀಸಿದ. "ಹದಿನಾಲ್ಕು ಮೆಟ್ಲು ಕಣೋ!" ಎಂದು ಬೆನ್ನಿಗೆ ಬೀಸಿದ. ಒಂದು, ಎರಡು ಎಂದು ಜೋರಾಗಿ ಎಣಿಸುತ್ತಲೇ ಬಡಿದ. ಅಣ್ಣ ಕೈ ಅಡ್ಡ ಹಿಡಿಯಲಿಲ್ಲ. ಕುಸಿದು ಕೂತಲ್ಲೇ ತಲೆ ತಗ್ಗಿಸಿ ತಿಂದ. ಹಿಂದಕ್ಕೆತ್ತಿದ ಕೋಲು ನಡುವೆ ನನ್ನ ಕನ್ನಡಕವನ್ನೂ ಪುಡಿ ಮಾಡಿದ್ದರಿಂದ ಮುಂದಿನ ಏಟುಗಳನ್ನು ನಾನು ಕೇಳಿದೆನೇ ಹೊರತು ಸರಿಯಾಗಿ ನೋಡಲಿಲ್ಲ. ಒಂಬತ್ತಕ್ಕೆ ಕೋಲು ಮುರಿಯಿತು. ಉಳಿದ ಐದನ್ನು ತಮ್ಮ ಕೈಯಲ್ಲೇ ಮುಗಿಸಿದ. ಹದಿನಾಲ್ಕು ಆದಮೇಲೆ ಇಬ್ಬರ ಏದುಸಿರು ಮಾತ್ರ ಕೇಳಿಸಿತು.

ಭಾವ ತಣ್ಣೀರಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಷ್ಟು ವರ್ಷದ ಸೇವೆಯಲ್ಲಿ ಮೊದಲ ಸಲ ಅವರಿಗೆ ದಿಕ್ಕು ತೋಚಲಿಲ್ಲ.

"ಮೊದ್ಲು ಯಾರು?" ಎಂದು ಕೇಳಿದರು.

"ಆ ಹುಡ್ಗನಿಗೆ," ಎಂದರು ಅಕ್ಕ, ಡಬ್ಬಗಳ ಅಡಿಯಿಂದ. ಕೊನೆಗೆ ಭಾವ ಬಟ್ಟಲನ್ನು ನಡುವೆ ಇಟ್ಟರು. ನಾಲ್ಕೂ ಜನ ಸರದಿಯಲ್ಲಿ ಅದ್ದಿಕೊಂಡೆವು. ನನಗೆ ಬರೀ ಹುಬ್ಬಿನ ಮೇಲೊಂದು ಗೀರು; ಆದರೂ ಬಿಡಲಿಲ್ಲ.

ಅಕ್ಕ ಎದ್ದು ಕೂತವರೇ ಚೀಟಿ ಬರೆದರು. ಮೂಗಿನಿಂದ ತೊಟ್ಟಿಕ್ಕಿ ಎರಡು ಚೀಟಿ ಹಾಳಾದವು, ಮೂರನೆಯದು ಉಳಿಯಿತು. ಅದನ್ನು ನಾನು ಕಣ್ಣಿನ ಹತ್ತಿರ ಹಿಡಿದು ಓದಿದೆ: "ಮೊದಲ ಅಚ್ಚಿನದು. ಟೈರು ಬಿಟ್ಟು ಉಳಿದ ಭಾಗ ಬದಲಾಗಿಲ್ಲ. ಮುಂದಿನ ಎಡತೋಳು ಮುರಿದಿದೆ. ಮುರಿದವಳು ಕೆಳಗೆ ಸಹಿ ಹಾಕಿದವಳು."

"ನನ್ನ ಹತ್ರ ಹಳೇ ತೋಳು ಒಂದಿದೆ," ಎಂದರು ತಮ್ಮನಿಗೆ. "ಅದೇ ಕಾಲದ್ದು. ಹಾಕ್ಕೊಡ್ತೀನಿ."

"ಬೇಡಕ್ಕ. ಮುರಿದಿದ್ದಕ್ಕೆ ತಾನೆ ಇವ್ನು ನಂಬಿದ್ದು. ಹಂಗೇ ಇರ್ಲಿ." ಆಮೇಲೆ ತನ್ನ ಹಲ್ಲಿಗಾಗಿ ಸುತ್ತ ನೋಡಿದ. ನಾನು ಕೊಟ್ಟೆ. ಜೇಬಿಗೆ ಹಾಕಿಕೊಂಡ.

"ನಂಗೂ ಒಂದು ಹೊಡಿ," ಎಂದರು ಅಕ್ಕ. "ನಿಂದು ಬಾಕಿ ಇದೆ."

"ಕೈ ನೋಯ್ತಿದೆ," ಎಂದ ಅವನು.

ಊರುಗೋಲು ಮುರಿದಿತ್ತಲ್ಲ, ಇಳಿಯುವುದು ಹೇಗೆ? ಅಣ್ಣ ಬೆನ್ನು ಬಗ್ಗಿಸಿ ಮೆಟ್ಟಿಲ ತುದಿಯಲ್ಲಿ ಕೂತ. ತಮ್ಮ ಬಹಳ ಹೊತ್ತು ಆ ಬೆನ್ನನ್ನೂ ಮೆಟ್ಟಿಲನ್ನೂ ನೋಡಿದ.

"ಬೀಳ್ಸಿದ್ರೆ ಕೊಂದೇಬಿಡ್ತೀನಿ."

"ಮುಚ್ಕೊಂಡು ಹತ್ತೋ."

ಹತ್ತಿದ. ಕಾರಿನ ಡಬ್ಬವನ್ನು ಅಣ್ಣನ ತಲೆಯ ಮೇಲಿಟ್ಟು ಹಿಡಿದುಕೊಂಡ. ಒಂದೊಂದೇ ಮೆಟ್ಟಿಲು ಬೈದಾಡುತ್ತ ಇಳಿದು ಹೋದರು.

ಅಕ್ಕನ ಮೂಗು ಬಲಕ್ಕೆ ಸೊಟ್ಟಗೆ ಕೂಡಿಕೊಂಡಿತು. ವಾಸನೆ ಹೋದದ್ದು ಮರಳಲಿಲ್ಲ. ಚಹಾ, ಪ್ಲಾಸ್ಟಿಕ್ಕು, ಒಲೆಯ ಮೇಲೆ ಸೀದ ಪಲ್ಯ, ಈಗ ಎಲ್ಲವೂ ಒಂದೇ ಅವರಿಗೆ. ಎರಡು ತಿಂಗಳು ಅಂಗಡಿ ಮುಚ್ಚಿತ್ತು. ತೆರೆದಾಗ ನಿಯಮ ಬದಲಾಗಿತ್ತು. ಡಬ್ಬ ತಂದವರನ್ನು ಈಗ ಏನೂ ಕೇಳುವುದಿಲ್ಲ. ಏನಾದರೂ ಹೇಳಲು ಹೊರಟರೆ ಸುಮ್ಮನಿರಿಸುತ್ತಾರೆ. ಗೇರು ಪೆಟ್ಟಿಗೆ ಮೊದಲು ಬಿಚ್ಚುತ್ತಾರೆ. ಮೂಸುವ ಕೆಲಸ ಭಾವನ ಪಾಲಿಗೆ ಬಂದಿದೆ. ಯಾರ ಮನಸ್ಸನ್ನೂ ನೋಯಿಸಲಾರದ ಭಾವ ಮೂಸಿ, "ಸ್ವಲ್ಪ ಹಳೇದೂ ಇದೆ, ಸ್ವಲ್ಪ ಹೊಸದೂ ಇದೆ," ಎನ್ನುತ್ತಾರೆ. ಚೀಟಿಯೊಂದಕ್ಕೆ ಹತ್ತು ನಿಮಿಷ ಸಾಕಾಗುತ್ತಿದ್ದುದು ಈಗ ಅರ್ಧ ದಿನ ಹಿಡಿಯುತ್ತದೆ. ಗಿರಾಕಿಗಳು ಅರ್ಧಕ್ಕಿಳಿದಿದ್ದಾರೆ. ಎಡಗೈ ಮಸೂರ ಹಿಡಿಯುವುದಕ್ಕೆ ಮಾತ್ರ ಏಳುತ್ತದೆ.

ಮೊನ್ನೆ ಅವರ ಬಗ್ಗೆ ಬರೆಯಬೇಕೆಂದು ಹೊಸ ಕನ್ನಡಕ, ಹೊಸ ನೋಟುಪುಸ್ತಕ ಸಮೇತ ಹೋದೆ. ಬರೆಯುವವನ ಕೈಗೆ ಹೊಸ ನೋಟುಪುಸ್ತಕ ಬಂದರೆ ಗಂಟಲು ತಾನಾಗಿ ಗಂಭೀರವಾಗುತ್ತದೆ. ಅಕ್ಕ ಒಂದು ಕಾರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ನಾನು ಪೆನ್ನು ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ, "ಅಕ್ಕಾ, ಇಷ್ಟು ವರ್ಷದ ಅನುಭವ ನಿಮ್ಮದು. ಈ ಪ್ರಪಂಚದಲ್ಲಿ ಅಸಲಿ ಮನುಷ್ಯ ಯಾರು, ನಕಲಿ ಮನುಷ್ಯ ಯಾರು ಅಂತ ಹೇಗೆ ಗುರುತು ಹಿಡೀಬೇಕು?" ಎಂದು ಕೇಳಿದೆ.

ಅಕ್ಕ ತಲೆ ಎತ್ತಲಿಲ್ಲ.

"ನಾನು ಕಾರು ನೋಡೋಳು ಕಣ್ರೀ. ಮನುಷ್ಯರನ್ನ ನೋಡಕ್ಕೆ ಹೋಗೇ ಮೂಗು ಮುರಿಸ್ಕೊಂಡಿದ್ದು. ಬೆಳಕಿಗೆ ಅಡ್ಡ ನಿಂತಿದೀರಿ, ಸರೀರಿ ಆ ಕಡೆ."